ಮುದ್ರಪ್ಪನ ಇಪ್ಪತ್ತು ನಿಮಿಷ

ಹಲ್ಲಿನ ಡಾಕ್ಟರಾದ ಷಡ್ಡಕನ ಮನೆಯಲ್ಲಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಮುದ್ರಪ್ಪ ಒಂದು ಸುಳ್ಳು ಹೇಳಿದ. ಅಂಥ ಭಾರೀ ಸುಳ್ಳೇನಲ್ಲ. ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಳ್ಳಬಹುದಾದಷ್ಟು. ಆದರೆ ಬೀಜ ಚಿಕ್ಕದಾದರೆ ಮರವೂ ಚಿಕ್ಕದಾಗಿರಬೇಕೆಂದು ಯಾವ ಕಾನೂನೂ ಇಲ್ಲ.

ಮೊದಲು ಈ ಮುದ್ರಪ್ಪ ಯಾರೆಂದು ಹೇಳಿಬಿಡಬೇಕು. ಹೆತ್ತವರಿಟ್ಟ ಹೆಸರು ಅವನಿಗೂ ಒಂದಿತ್ತು. ಸಂಬಳದ ಪಟ್ಟಿಯನ್ನು ಬಿಟ್ಟರೆ ಅದು ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ನೀರು ಸರಬರಾಜು ಕಚೇರಿಯ ಮೊದಲ ಕಿಟಕಿಯಲ್ಲಿ ಕೂತು, ಜನ ತಂದುಕೊಡುವ ದೂರಿನ ಅರ್ಜಿಗಳ ಮೇಲೆ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆ ಒತ್ತುವುದು ಅವನ ಕೆಲಸ. ಹತ್ತೊಂಬತ್ತು ವರ್ಷದಿಂದ ಒತ್ತುತ್ತಿದ್ದ. ಒತ್ತಿದ ಅರ್ಜಿ ಆಮೇಲೆ ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಎಂದು ಅವನು ಯಾವತ್ತೂ ವಿಚಾರಿಸಿದವನಲ್ಲ. ಕಾಗದ ಒಳಗೆ ಹೋಯಿತೆಂದರೆ ಅದು ಒಳಗಿನವರ ಹಣೆಬರಹ.

ಇನ್ನು ಷಡ್ಡಕ. ಎದುರಿನವರ ಬಾಯಿ ಅಗಲಿಸಿ, ಅದರ ತುಂಬ ಉಪಕರಣ ತುರುಕಿ, ಆಮೇಲೆ ತಾನು ಮಾತಾಡುವುದು ಅವನ ಕಸುಬು. ಹಾಗಾಗಿ ಮನೆಯಲ್ಲೂ ತನ್ನ ಮಾತಿಗೆ ಯಾರಾದರೂ ಎದುರಾಡಿಯಾರು ಎಂಬ ಅಂದಾಜು ಅವನಿಗಿರಲಿಲ್ಲ.

“ಮುನ್ನೂರ ಹನ್ನೆರಡು ದಿನ ಅಣ್ಣ! ಒಂದು ದಿನ ತಪ್ಪಿಸಿಲ್ಲ. ಬೆಳಗ್ಗೆ ಎದ್ದರೆ ನಲವತ್ತು ನಿಮಿಷ ಧ್ಯಾನ. ನಿಮ್ಮ ಹಲ್ಲು ನೋಡಿದ್ರೇ ಗೊತ್ತಾಗತ್ತೆ, ನಿಮಗೆ ಮನಶ್ಶಾಂತಿ ಇಲ್ಲ. ನಿದ್ದೇಲಿ ಕಡಿದು ಕಡಿದು ಅರ್ಧ ಸವೆಸಿದ್ದೀರ.”

ಹಲ್ಲಿನ ಬಗ್ಗೆ ಆಡಿದ್ದನ್ನು ಮುದ್ರಪ್ಪ ಸಹಿಸಿಕೊಳ್ಳುತ್ತಿದ್ದನೋ ಏನೋ. ಆದರೆ ಮನೆಯ ಹೆಂಗಸರೆಲ್ಲ ಒಟ್ಟಿಗೆ ‘ಅಯ್ಯೋ ಪಾಪ’ ಅನ್ನುವಂತೆ ಅವನತ್ತ ನೋಡಿದರು. ಅದು ತಡೆಯಲಾಗಲಿಲ್ಲ.

“ನಾನೂ ಮಾಡ್ತೀನಿ,” ಎಂದ. “ಆರು ವರ್ಷ ಆಯ್ತು. ನಾವು ಡಂಗುರ ಹೊಡ್ಕೊಂಡು ಮಾಡಲ್ಲ, ಅಷ್ಟೆ.”

ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ತಂಗಿ ಬಂದು ಬೆನ್ನು ತಟ್ಟಿದಳು. ಅಷ್ಟರಲ್ಲಿ ಷಡ್ಡಕ ಎದ್ದು ಬಂದು ಮುದ್ರಪ್ಪನ ಎರಡೂ ಕೈ ಹಿಡಿದುಕೊಂಡಿದ್ದ.

“ಎಂಥ ಒಳ್ಳೆ ಸುದ್ದಿ ಹೇಳಿದ್ರಿ! ಮುಂದಿನ ತಿಂಗಳು ನಮ್ಮನೆಗೆ ಬಣ್ಣ ಹೊಡಿಸ್ತಿದ್ದೀವಿ. ಎಂಟು ದಿನ ಎಲ್ಲಿ ಹೋಗಿ ಇರೋದು ಅಂತ ಯೋಚನೆ ಮಾಡ್ತಿದ್ದೆ. ನಿಮ್ಮನೇಗೇ ಬಂದುಬಿಡ್ತೀವಿ. ದಿನಾ ಬೆಳಗ್ಗೆ ಒಟ್ಟಿಗೆ ಕೂರೋಣ!”

ಮನೆಗೆ ಮರಳುವ ಬಸ್ಸಿನಲ್ಲಿ ಹೆಂಡತಿ ಮೂರು ನಿಲ್ದಾಣದ ತನಕ ಬೆರಳು ಮಡಿಸಿ ದಿನ ಎಣಿಸಿದಳು. ನಾಲ್ಕನೆಯದರಲ್ಲಿ ಬಾಯಿ ತೆರೆದಳು.

“ಆರು ವರ್ಷದ ತಪಸ್ವಿಗಳೇ, ಇನ್ನು ಮೂವತ್ತು ದಿನ ಇದೆ. ನಾಳೆಯಿಂದ ಶುರು ಹಚ್ಕೊಳ್ಳಿ. ತಂಗಿ ಗಂಡನ ಮುಂದೆ ನನ್ನ ಮಾನ ಹೋದ್ರೆ ನಾನು ಧ್ಯಾನಕ್ಕೆಲ್ಲ ಕೂರೋಳಲ್ಲ. ನೇರವಾಗಿ ನಿಮ್ಮ ಎದೆ ಮೇಲೇ ಕೂರ್ತೀನಿ.”

ಮುದ್ರಪ್ಪ ಶುರು ಹಚ್ಚಿಕೊಂಡ. ಮೊದಲ ದಿನ ಹಾಸಿಗೆಯ ಮೇಲೆ ಕೂತ. ಕೂತದ್ದು ನಿಜ, ಹೆಂಡತಿ ಬಂದು ನೋಡಿದಾಗ ಮಲಗಿದ್ದ. ಎರಡನೆಯ ದಿನ ನಡುಮನೆಯಲ್ಲಿ. ಅಲ್ಲಿ ಪರೀಕ್ಷೆಗೆ ಓದುತ್ತಿದ್ದ ಮಗಳು ರಸಾಯನಶಾಸ್ತ್ರವನ್ನು ಗಟ್ಟಿಯಾಗಿ ಉರು ಹೊಡೆಯುತ್ತ ಅತ್ತಿಂದಿತ್ತ ಓಡಾಡುತ್ತಿದ್ದಳು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮುದ್ರಪ್ಪನಿಗೆ ಶಾಂತಿ ಸಿಗಲಿಲ್ಲ, ಗಂಧಕಾಮ್ಲ ತಯಾರಿಸುವ ವಿಧಾನ ಸಿಕ್ಕಿತು. ಮೂರನೆಯ ದಿನ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡ. ಐದು ನಿಮಿಷಕ್ಕೆ ಹೆಂಡತಿ ಬಾಗಿಲು ತಟ್ಟಿ “ಹೊಟ್ಟೆ ಸರಿ ಇಲ್ವಾ?” ಎಂದಳು. ಎಂಟು ನಿಮಿಷಕ್ಕೆ ಮಗಳು ತಟ್ಟಿದಳು. ಹತ್ತು ನಿಮಿಷಕ್ಕೆ ಗೋಡೆಯಾಚೆಯಿಂದ ಪಕ್ಕದ ಮನೆಯವರು ಒಂದು ಮಾತ್ರೆಯ ಹೆಸರು ಕೂಗಿ ಹೇಳಿದರು.

ನಾಲ್ಕನೆಯ ದಿನ ಬೆಳಗ್ಗೆ ಆರಕ್ಕೆ, ಮನೆಯ ಸಹವಾಸವೇ ಬೇಡವೆಂದು ಬೀದಿಗಿಳಿದ. ಬೀದಿಯ ತಿರುವಿನಲ್ಲಿ, ನೀರಿನ ದೊಡ್ಡ ಕೊಳವೆ ಹಾದುಹೋಗುವ ಗುಂಡಿಯ ಮೇಲೆ ಒಂದು ಸಿಮೆಂಟು ಚಪ್ಪಡಿ ಹಾಸಿತ್ತು. ಅದರ ಮೇಲೆ ಕೂತು, ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಗಂಟೆ ಇಟ್ಟು, ಕಣ್ಣು ಮುಚ್ಚಿದ. ಚಪ್ಪಡಿಯ ಕೆಳಗೆ ಕೊಳವೆ ಸೋರುತ್ತಿತ್ತು. ಜುಳು ಜುಳು ಜುಳು. ಒಂದೇ ಲಯ, ಒಂದೇ ಶ್ರುತಿ. ಕಿವಿ ಆ ಸದ್ದಿಗೆ ಅಂಟಿಕೊಂಡಿತು, ಮನಸ್ಸು ಕಿವಿಗೆ ಅಂಟಿಕೊಂಡಿತು. ಮುದ್ರಪ್ಪ ಏಳು ನಿಮಿಷ ಅಲುಗದೆ ಕೂತ. ಜೀವಮಾನದಲ್ಲಿ ಅವನು ಎಚ್ಚರವಿದ್ದು ಸುಮ್ಮನಿದ್ದದ್ದು ಅದೇ ಮೊದಲು.

ಅವತ್ತೇ ಎರಡು ನೇಮ ಮಾಡಿಕೊಂಡ. ಒಂದು, ದಿನಾ ಅದೇ ಹೊತ್ತು ಅದೇ ಜಾಗ. ಎರಡು, ಗಂಟೆ ಬಾರಿಸುವ ತನಕ ತಲೆಯ ಮೇಲೆ ತಲೆ ಬಿದ್ದರೂ ಕಣ್ಣನ್ನೂ ಬಿಡಬಾರದು, ಬಾಯನ್ನೂ ಬಿಡಬಾರದು. ಹೆಂಡತಿ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಕೆಂಪು ಗುರುತು ಹಾಕತೊಡಗಿದಳು. ಮೊದಮೊದಲು ಗೇಲಿಗೆ. ವಾರ ಕಳೆಯುವಾಗ, ಕಾಲುಚೀಲದ ಜೋಡಿ ಸಿಗದೆ ಇದ್ದರೂ ಗಂಡ ಮನೆಯೆಲ್ಲ ಒಂದು ಮಾಡುತ್ತಿಲ್ಲವೆಂಬುದು ಅವಳ ಗಮನಕ್ಕೆ ಬಂತು. ಆಮೇಲಿನ ಗುರುತುಗಳನ್ನು ಅವಳು ಸ್ವಲ್ಪ ದುಂಡಗೆ ಹಾಕಿದಳು.

ಬೀದಿಯಲ್ಲಿ ಬೇರೆ ಕಥೆ ನಡೆಯುತ್ತಿತ್ತು.

ಮುದ್ರಪ್ಪನ ಕಟ್ಟಡದಲ್ಲೇ ಮೂರನೆಯ ಮಹಡಿಯಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರಿದ್ದರು. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವರು. ಕೊಳವೆ ಸೋರಲು ಶುರುವಾದಾಗಿನಿಂದ, ಅಂದರೆ ಏಳು ತಿಂಗಳಿಂದ, ಮೂರನೆಯ ಮಹಡಿಗೆ ನೀರು ಏರುತ್ತಿರಲಿಲ್ಲ. ಹೆಡ್‌ಮಾಸ್ತರರು ಕೆಳಗಿನಿಂದ ಕೊಡ ಹೊರುತ್ತಿದ್ದರು. ನಲವತ್ತೊಂದು ಅರ್ಜಿ ಬರೆದಿದ್ದರು, ಒಂದರಲ್ಲೂ ಕಾಗುಣಿತ ತಪ್ಪಿಲ್ಲ. ನಲವತ್ತೊಂದಕ್ಕೂ ಮುದ್ರಪ್ಪನೇ ಮುದ್ರೆ ಒತ್ತಿದ್ದ.

ಅವರು ಒಂದು ಬೆಳಗ್ಗೆ ವಾಯುವಿಹಾರಕ್ಕೆ ಹೊರಟವರು ಚಪ್ಪಡಿಯ ಮುಂದೆ ನಿಂತರು.

“ಏನ್ರೀ ಇದು, ಇಲ್ಲಿ ಕೂತಿದ್ದೀರಿ?”

ಉತ್ತರವಿಲ್ಲ.

“ಆರೋಗ್ಯ ತಾನೆ?”

ಅದಕ್ಕೂ ಇಲ್ಲ. ಎದುರು ಮನೆಯ ದರ್ಜಿಯಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದಳು. “ಮೇಷ್ಟ್ರೇ, ಇವತ್ತಿಗೆ ಐದು ದಿನ ಆಯ್ತು. ಆರು ಗಂಟೆ ಅಂದ್ರೆ ಬಂದು ಕೂತ್ಬಿಡ್ತಾರೆ. ನಾನು ಸೋಮವಾರ ಮಾತಾಡಿಸ್ದೆ, ಮಂಗಳವಾರ ಮಾತಾಡಿಸ್ದೆ, ಜಪ್ಪಯ್ಯ ಅಂದ್ರೂ ಬಾಯಿ ಬಿಡಲ್ಲ. ಅದೂ ಸರಿಯಾಗಿ ಆ ಸೋರೋ ಕೊಳಾಯಿ ಮೇಲೇ!”

ಹೆಡ್‌ಮಾಸ್ತರರು ಚಪ್ಪಡಿಯನ್ನೊಮ್ಮೆ, ಮುದ್ರಪ್ಪನನ್ನೊಮ್ಮೆ ನೋಡಿದರು. ಅವರ ಕಣ್ಣು ತೇವವಾಯಿತು.

“ಮೌನ ಧರಣಿ!” ಎಂದರು ಪಿಸುದನಿಯಲ್ಲಿ. “ಅಮ್ಮಾ, ನಲವತ್ತೊಂದು ಸಲ ಕೈಯಾರೆ ಮುದ್ರೆ ಒತ್ತಿದ್ದಾರಲ್ಲ, ಒಳಗೆ ಕುಟುಕಿದೆ. ತಮ್ಮ ಕಚೇರಿ ವಿರುದ್ಧ ತಾವೇ ಕೂತಿದ್ದಾರೆ. ಇಂಥ ಮನುಷ್ಯನ್ನ ನಾನು ‘ಮರದ ಕೊರಡು’ ಅಂತ ಬೈದಿದ್ದೀನಿ, ಅದೂ ಏಕವಚನದಲ್ಲಿ.”

ಮರುದಿನ ಗಂಟೆ ಬಾರಿಸಿದಾಗ ಮುದ್ರಪ್ಪ ಕಣ್ಣು ಬಿಟ್ಟರೆ ಸುತ್ತ ಐದು ಜನ ನೆಲದ ಮೇಲೆ ಕಣ್ಣು ಮುಚ್ಚಿ ಕೂತಿದ್ದಾರೆ! ಅವನ ಎದೆ ಉಬ್ಬಿತು. ತಾನು ಯಾರಿಗೂ ಹೇಳದೆ ಶುರುಮಾಡಿದ್ದು ತಾನಾಗಿ ಹಬ್ಬುತ್ತಿದೆ.

“ಸಂತೋಷ ಆಯ್ತು ಮೇಷ್ಟ್ರೇ,” ಎಂದ. “ನಿಮಗೂ ಒತ್ತಡದ ತೊಂದರೆ ಇದೆಯಾ?”

“ಇದೆಯಾ ಅಂತ ಕೇಳ್ತೀರಲ್ಲ! ಏಳು ತಿಂಗಳಿಂದ ಒತ್ತಡ ಅನ್ನೋದೇ ನೆಟ್ಟಗಿಲ್ಲ. ಮೇಲಕ್ಕೇ ಏರ್ತಿಲ್ಲ.”

“ಏರತ್ತೆ, ಏರತ್ತೆ. ಮೊದಲು ಸೋರಿಕೆ ನಿಲ್ಬೇಕು. ಅರ್ಧಕ್ಕರ್ಧ ಸುಮ್ಮನೆ ಎಲ್ಲೆಲ್ಲೋ ಹರಿದು ಹಾಳಾಗ್ತಿದೆ, ಅದೇ ಕಾರಣ.”

“ಅದನ್ನೇ ನಾನು ಬರೆದದ್ದು! ನಿಲ್ಲತ್ತೆ ಅಂತೀರಾ?”

“ದಿನಾ ಕೂತ್ರೆ ಯಾಕೆ ನಿಲ್ಲಲ್ಲ? ನಡುವೆ ಬಿಡಬಾರದು ಅಷ್ಟೆ. ಒಂದು ದಿನ ಬಿಟ್ರೆ ಮೊದಲಿನಿಂದ ಶುರು.”

“ನೀವು ಏಳೋ ತನಕ ನಾವು ಏಳಲ್ಲ,” ಎಂದರು ಹೆಡ್‌ಮಾಸ್ತರರು. ಮುದ್ರಪ್ಪ ಅವರ ಭುಜ ತಟ್ಟಿ ಸ್ನಾನಕ್ಕೆ ಹೊರಟ. ಇಬ್ಬರೂ ಒಂದೊಂದು ಮಾತನ್ನೂ ನಿಜವಾಗಿಯೇ ಆಡಿದ್ದರು. ಜಗತ್ತಿನಲ್ಲಿ ಅರ್ಧ ಅನಾಹುತಗಳಾಗುವುದು ನಿಜ ಹೇಳುವವರಿಂದಲೇ.

ಐದು ಜನ ಹದಿನೈದಾದರು, ಹದಿನೈದು ನಲವತ್ತಾದರು. ಸುದ್ದಿ ನೀರಿಗಿಂತ ವೇಗವಾಗಿ ಕಚೇರಿ ತಲುಪಿತು. ಅಲ್ಲಿನ ಇಂಜಿನಿಯರು, ಎಲ್ಲರ ಬಾಯಲ್ಲೂ ‘ಸಾಹೇಬರು’, ಮುದ್ರಪ್ಪನನ್ನು ಒಳಗೆ ಕರೆಸಿದರು.

“ಏನ್ರೀ, ಬೆಳಬೆಳಗ್ಗೆ ಕೂರ್ತಾ ಇದ್ದೀರಂತೆ?”

“ಹೌದು ಸರ್,” ಎಂದ ಮುದ್ರಪ್ಪ, ಕಿವಿಯಿಂದ ಕಿವಿಯವರೆಗೆ ನಗುತ್ತ. “ಇವತ್ತಿಗೆ ಹದಿನೆಂಟು ದಿನ. ಜನಾನೂ ಸೇರ್ತಿದ್ದಾರೆ.”

ಸಾಹೇಬರು ಕನ್ನಡಕ ತೆಗೆದರು. “ನನ್ನ ಮುಖ ನೋಡ್ಕೊಂಡೇ ಹೇಳ್ತೀರಲ್ರೀ! ಸರಿ, ನಿಮಗೆ ಏನು ಬೇಕು?”

“ಏನೂ ಬೇಡ ಸರ್.”

“ವರ್ಗಾವಣೆ?”

“ಬೇಡ ಸರ್.”

“ಬಡ್ತಿ?”

“ಅಂಥ ಆಸೆಗಳನ್ನ ಬಿಡೋದಕ್ಕೇ ಸರ್ ಕೂರೋದು. ನೀವೂ ಒಂದಿನ ಬನ್ನಿ. ಬಹಳ ಹಗುರ ಆಗ್ತೀರಿ.”

ಸಾಹೇಬರು ಕನ್ನಡಕ ಮತ್ತೆ ಏರಿಸಿಕೊಂಡರು. ಅವರ ಇಪ್ಪತ್ತೆರಡು ವರ್ಷದ ಅನುಭವದಲ್ಲಿ, ಏನಾದರೂ ಬೇಕು ಎಂದವರನ್ನು ಹೇಗಾದರೂ ಸಾಗಹಾಕಬಹುದಿತ್ತು. ಏನೂ ಬೇಡ ಎಂದು ನಗುವವನಿಗೆ ಏನು ಮಾಡುವುದು? ಅವರು ಅವತ್ತೇ ಒಂದು ನೋಟೀಸು ಟೈಪು ಮಾಡಿಸಿದರು. ಕಚೇರಿಯ ಕ್ರಮದಂತೆ ಅದು ಮೊದಲ ಕಿಟಕಿಗೆ ಬಂತು. ಕ್ರಮದಂತೆ ಮುದ್ರಪ್ಪ ಓದದೆಯೇ ಅದರ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಒತ್ತಿ ಪಕ್ಕಕ್ಕಿಟ್ಟ. ಅದು ತನ್ನ ಹೆಸರಿಗೇ ಬಂದದ್ದೆಂದು ತಿಳಿಯಲು ಅವನಿಗೆ ಒಂಬತ್ತು ದಿನ ಹಿಡಿಯಿತು. ಸಂಬಳದ ಪಟ್ಟಿಯ ಹೆಸರು ಅಷ್ಟು ಬೇಗ ನೆನಪಾಗುವಂಥದ್ದಲ್ಲ.

ಒಂಬತ್ತನೆಯ ದಿನ ಸಂಜೆ ಮನೆಗೆ ಬಂದಾಗ ಮುದ್ರಪ್ಪನ ಮುಖ ಸುಣ್ಣವಾಗಿತ್ತು. ಷಡ್ಡಕ ಎರಡು ಪೆಟ್ಟಿಗೆ, ಒಂದು ವಿಶೇಷ ಜಮಖಾನ, ಒಂದು ಮೆತ್ತೆಯ ಸಮೇತ ಅವತ್ತೇ ಬಂದಿಳಿದು, ತಂಗಿಯ ಜೊತೆ ಅಂಗಡಿ ಬೀದಿಗೆ ಹೋಗಿದ್ದ. ಹೆಂಡತಿ ಅಡುಗೆಮನೆಯಲ್ಲಿ ನಿಂತು ನೋಟೀಸನ್ನು ಓದಿದಳು.

“‘ಕಚೇರಿಯ ವಿರುದ್ಧ ಸಾರ್ವಜನಿಕವಾಗಿ ಧರಣಿ ಕೂತು, ಜನರನ್ನು ಎತ್ತಿಕಟ್ಟಿ...’ ರೀ, ಧರಣಿನಾ? ‘ನಿಮ್ಮನ್ನು ಕೆಲಸದಿಂದ ಏಕೆ ಅಮಾನತು ಮಾಡಬಾರದು?’ ಅಯ್ಯಯ್ಯೋ! ‘ಹತ್ತನೆಯ ದಿನ ಬೆಳಗ್ಗೆ ನಾವೇ ಖುದ್ದು ಸ್ಥಳಕ್ಕೆ ಬಂದು...’ ಅಂದ್ರೆ ನಾಳೆ!”

“ಹೋಗಿ ಹೇಳಿಬಿಡ್ತೀನಿ,” ಎಂದ ಮುದ್ರಪ್ಪ. “ನಾನು ಕೂತದ್ದು ಧ್ಯಾನಕ್ಕೆ, ಇವರೆಲ್ಲ ತಪ್ಪು ತಿಳ್ಕೊಂಡಿದ್ದಾರೆ ಅಂತ. ನಾಳೆ ಕೂರೋದೇ ಬೇಡ.”

ಹೆಂಡತಿ ಕಾಗದ ಮಡಿಸಿದಳು. ಕ್ಯಾಲೆಂಡರಿನ ಕಡೆ ನೋಡಿದಳು. ಅಲ್ಲಿ ಸಾಲಾಗಿ ಇಪ್ಪತ್ತೇಳು ಕೆಂಪು ಗುರುತುಗಳಿದ್ದವು.

“ಆ ಮೇಷ್ಟ್ರು ಕೊಡ ಹೊತ್ತು ಹೊತ್ತು ಮಂಡಿ ಕಳ್ಕೊಂಡಿದ್ದಾರೆ,” ಎಂದಳು. “ಈ ಮೂರು ವಾರದಿಂದ ಮೆಟ್ಟಿಲ ಮೇಲೆ ಸಿಕ್ಕಾಗ ನಗ್ತಾರೆ. ಮದುವೆಯಾದ ಮೇಲೆ ನೀವು ಶುರುಮಾಡಿದ್ದನ್ನ ನಡುವೆ ಬಿಡದೇ ಇದ್ದದ್ದು ಇದೊಂದೇ. ಬಿಡೋದಾದ್ರೆ ಬಿಡಿ. ಸಾಹೇಬರಿಗೆ ಹೆದರಿ ಮಾತ್ರ ಬಿಡಬೇಡಿ.”

ಮುದ್ರಪ್ಪ ಮುಖ ತೊಳೆದುಕೊಂಡು ಬಂದ. ಒರೆಸಿಕೊಂಡಾಗ ಮುಖದಲ್ಲಿ ಬಣ್ಣ ಮರಳಿತ್ತು.

“ಆರಕ್ಕೆ ಕೂರ್ತೀನಿ. ಇಪ್ಪತ್ತು ನಿಮಿಷ ಸಾಹೇಬರಲ್ಲ, ಅವರಪ್ಪ ಬಂದ್ರೂ ಉತ್ತರ ಇಲ್ಲ. ಗಂಟೆ ಬಾರಿಸಿದ ಮೇಲೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಆಮೇಲೆ ಆದದ್ದಾಗಲಿ.”

ಬೆಳಗ್ಗೆ ಆರಕ್ಕೆ ಬೀದಿ ತುಂಬಿತ್ತು. ಚಪ್ಪಡಿಯ ಮೇಲೆ ಮುದ್ರಪ್ಪ. ಪಕ್ಕದಲ್ಲಿ ಜಮಖಾನ, ಅದರ ಮೇಲೆ ಮೆತ್ತೆ, ಅದರ ಮೇಲೆ ಷಡ್ಡಕ. “ಇಷ್ಟೊಂದು ಶಿಷ್ಯರಾ ಅಣ್ಣ?” ಎಂದು ಅವನು ಕೇಳಿದ್ದಕ್ಕೆ ಮುದ್ರಪ್ಪ ಉತ್ತರಿಸಲಿಲ್ಲ. ಗಂಟೆ ಇಟ್ಟಾಗಿತ್ತು.

ಆರೂ ಕಾಲಿಗೆ ಜೀಪು ಬಂತು. ಸಾಹೇಬರು ಇಳಿದು, ಗಂಟಲು ಸರಿಪಡಿಸಿಕೊಂಡರು.

“ನೋಡ್ರೀ, ಏಳ್ರೀ ಮೇಲೆ. ಮಾತಾಡೋಣ.”

ಮೌನ.

“ಕೊಳವೆ ವಿಷಯ ತಾನೆ? ಮುಂದಿನ ತಿಂಗಳು ನೋಡೋಣ.”

ಮೌನ. ಎಲ್ಲಿಂದಲೋ ಒಂದು ನೊಣ ಹಾರಿ ಬಂದು ಮುದ್ರಪ್ಪನ ಮೂಗಿನ ಮೇಲೆ ಕೂತಿತು. ಅವನ ಹುಬ್ಬು ಗಂಟಾಯಿತು.

“ಒಪ್ಪಲಿಲ್ಲ,” ಎಂದು ಹೆಡ್‌ಮಾಸ್ತರರು ಭಾವಾನುವಾದ ಮಾಡಿದರು.

“ಸರಿ, ಹದಿನೈದು ದಿನ!”

ನೊಣ ಮೇಲ್ದುಟಿಗೆ ಇಳಿಯಿತು. ತುಟಿ ಸೊಟ್ಟಗಾಯಿತು.

“ಹದಿನೈದು ದಿನ ಅಂದಿದ್ದಕ್ಕೆ ಅವರಿಗೆ ಅಸಹ್ಯ ಆಗಿದೆ,” ಎಂದರು ಹೆಡ್‌ಮಾಸ್ತರರು.

“ಒಂದು ವಾರ! ಅದಕ್ಕಿಂತ ಮುಂಚೆ ಸಾಧ್ಯವೇ ಇಲ್ಲ. ಸಾಮಾನು ಬರ್ಬೇಕು, ಜನ ಬರ್ಬೇಕು...”

ನೊಣ ಮೂಗಿನ ಹೊಳ್ಳೆಯನ್ನು ಪ್ರವೇಶಿಸುವ ಉದ್ದೇಶ ತೋರಿಸಿತು. ಮುದ್ರಪ್ಪ ಭುಸ್ಸೆಂದು ಉಸಿರು ಬಿಟ್ಟ. ನಲವತ್ತು ಜನ ಒಟ್ಟಿಗೆ ಹಿಂದಕ್ಕೆ ಸರಿದರು. ದರ್ಜಿಯಮ್ಮ ಕಿಟಕಿಯಿಂದ ಕೂಗಿದಳು: “ಸಾಹೇಬ್ರೇ, ಸಿಟ್ಟು ನೆತ್ತಿಗೇರ್ತಿದೆ! ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವೇ ಜವಾಬ್ದಾರಿ!”

ಸಾಹೇಬರು ಸುತ್ತ ನೋಡಿದರು. ಐದಾರು ಮೊಬೈಲುಗಳು ಅವರ ಮುಖವನ್ನೇ ಚಿತ್ರೀಕರಿಸುತ್ತಿದ್ದವು.

“ಇವತ್ತೇ!” ಎಂದು ಕಿರುಚಿದರು. “ಇವತ್ತೇ ಅಗೆಸ್ತೀನಿ, ಇವತ್ತೇ ಹೊಸ ಕೊಳವೆ ಹಾಕಿಸ್ತೀನಿ! ಆಯ್ತಾ?”

ಅದೇ ಹೊತ್ತಿಗೆ ಮೊಬೈಲು ಟಿಣಿಟಿಣಿ ಎಂದಿತು. ಇಪ್ಪತ್ತು ನಿಮಿಷ. ಮುದ್ರಪ್ಪ ನಿಧಾನವಾಗಿ ಕಣ್ಣು ಬಿಟ್ಟು, ನೊಣ ಓಡಿಸಿ, ತೃಪ್ತಿಯಿಂದ ನಕ್ಕ.

“ಆಯ್ತು,” ಎಂದ.

ಬೀದಿಯಲ್ಲಿ ಎದ್ದ ಚಪ್ಪಾಳೆಗೆ ತಂತಿಯ ಮೇಲಿದ್ದ ಕಾಗೆಗಳೆಲ್ಲ ಹಾರಿದವು.

ಆದರೂ ಆಡಿದ ಮಾತಿಗೆ ತಪ್ಪುವವನಲ್ಲ ಮುದ್ರಪ್ಪ. ಜೀಪಿನ ಬಳಿ ಹೋಗಿ, ಸಾಹೇಬರಿಗೂ ಹೆಡ್‌ಮಾಸ್ತರರಿಗೂ ಕೇಳುವಂತೆ ಹೇಳಿದ: “ಸರ್, ಇದು ಧರಣಿ ಅಲ್ಲ. ಧ್ಯಾನ. ಮನೇಲಿ ಜಾಗ ಇರ್ಲಿಲ್ಲ, ಅದಕ್ಕೇ ಇಲ್ಲಿ ಕೂತೆ.”

ಜೀಪು ಹತ್ತುತ್ತಿದ್ದ ಸಾಹೇಬರು ಕಾಲು ಕೆಳಗಿಟ್ಟರು. “ಇದನ್ನ ಮೊದಲೇ ಹೇಳೋಕೇನಾಗಿತ್ರೀ?”

“ಹೇಳಿದ್ನಲ್ಲ ಸರ್. ಏನೂ ಬೇಡ ಅಂದೆ.”

“ಏನೂ ಬೇಡ ಅಂದ್ರೆ ಯಾರಾದ್ರೂ ನಂಬ್ತಾರೇನ್ರೀ!” ಎಂದ ಸಾಹೇಬರ ಮುಖ ಅಷ್ಟರಲ್ಲಿ ತಿಳಿಯಾಗತೊಡಗಿತ್ತು. ಧರಣಿಯೆಂದರೆ ಮೇಲಿನವರಿಗೆ ವರದಿ ಕಳಿಸಬೇಕು. ಧ್ಯಾನಕ್ಕೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ. “ಹಾಗೇ ಬರೆದು ಕೊಟ್ಬಿಡಿ. ‘ಧ್ಯಾನ’ ಅಂತ ದಪ್ಪಕ್ಷರದಲ್ಲಿ ಬರೀರಿ. ನೋಟೀಸು ಹರಿದು ಹಾಕ್ತೀನಿ.”

ಮುದ್ರಪ್ಪ ಹೆಡ್‌ಮಾಸ್ತರರ ಕಡೆ ತಿರುಗಿದ. ತಲೆ ತಗ್ಗಿಸಿದ. “ಮೇಷ್ಟ್ರೇ, ನಿಮ್ಮನ್ನ...”

“ಧ್ಯಾನವೋ ಧರಣಿಯೋ,” ಎಂದರು ಹೆಡ್‌ಮಾಸ್ತರರು, “ನಲ್ಲಿ ತಿರುಗಿಸಿದ್ರೆ ನೀರು ಬರತ್ತೋ ಇಲ್ವೋ? ಮೂವತ್ತು ವರ್ಷ ವ್ಯಾಕರಣ ಕಲಿಸಿದ್ದೀನಿ. ಇನ್ನು ಸಾಕು.”

ಸಂಜೆಯ ಹೊತ್ತಿಗೆ ಹೊಸ ಕೊಳವೆ ಬಿತ್ತು. ಮೂರನೆಯ ಮಹಡಿಯ ನಲ್ಲಿ ಮೊದಲು ಕೆಮ್ಮಿ, ಆಮೇಲೆ ಕೆಂಪಗೆ ಉಗುಳಿ, ಕಡೆಗೆ ಬಿಳಿಯ ನೀರು ಸುರಿಸಿತು. ಕೆಳಗೆ ಊಟಕ್ಕೆ ಕೂತಿದ್ದ ಷಡ್ಡಕ ಎಂದೂ ಇಲ್ಲದ ಮೆಲುದನಿಯಲ್ಲಿ ಕೇಳಿದ, “ಅಷ್ಟು ಗದ್ದಲದಲ್ಲಿ ಹೇಗೆ ಕೂತ್ರಿ ಅಣ್ಣ? ನಾನು ನಾಲ್ಕನೇ ನಿಮಿಷಕ್ಕೇ ಕಣ್ಣು ಬಿಟ್ಟೆ. ನಿಜ ಹೇಳ್ತೀನಿ, ನನ್ನ ನಲವತ್ತು ನಿಮಿಷದಲ್ಲಿ ಮೂವತ್ತು ಮಲ್ಕೊಂಡೇ ಇರ್ತೀನಿ.”

“ನಂದೂ ಆರು ವರ್ಷ ಅಲ್ಲ,” ಎಂದ ಮುದ್ರಪ್ಪ ಸಲೀಸಾಗಿ. “ಇಪ್ಪತ್ತೆಂಟು ದಿನ.”

ಮಾರನೆಯ ಬೆಳಗ್ಗೆ ಹೊಸ ಚಪ್ಪಡಿಯ ಮೇಲೆ ಕೂತಾಗ ಕೆಳಗೆ ಸದ್ದಿರಲಿಲ್ಲ. ಜನರೂ ಇರಲಿಲ್ಲ, ನೀರು ಬಂದವರಿಗೆ ಕೂರುವ ಅಗತ್ಯವೇನು? ಕಿವಿಗೆ ಅಂಟಿಕೊಳ್ಳಲು ಏನೂ ಸಿಗದೆ ಮನಸ್ಸು ಬೀದಿಯೆಲ್ಲ ಅಲೆಯಿತು. ಆದರೂ ಗಂಟೆ ಬಾರಿಸುವ ತನಕ ಕೂತ. ಅದರ ಮರುದಿನವೂ ಕೂತ. ಐದನೆಯ ದಿನ ಸದ್ದಿಲ್ಲದೆಯೂ ಕೂರಬಹುದೆಂದು ಗೊತ್ತಾಯಿತು. ಪಕ್ಕದಲ್ಲಿ ಮೆತ್ತೆಯಿಲ್ಲದೆ ಕೂತಿದ್ದ ಷಡ್ಡಕ ಅವತ್ತು ಹನ್ನೊಂದು ನಿಮಿಷ ಮುಟ್ಟಿದ.

ಕಚೇರಿಯಲ್ಲಿ ಮಾತ್ರ ಒಂದು ಬದಲಾವಣೆಯಾಯಿತು. ಅರ್ಜಿಗೆ ಮುದ್ರೆ ಒತ್ತಿದ ಮೇಲೆ ಮುದ್ರಪ್ಪ ಅದನ್ನು ಪಕ್ಕಕ್ಕಿಡುವುದನ್ನು ಬಿಟ್ಟ. ತಾನೇ ಎದ್ದು, ಒಳಗಿನ ಮೇಜಿಗೆ ಒಯ್ದು ಇಟ್ಟು, ಎದುರಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಿದ್ದ. ಮೇಜಿನ ಹಿಂದಿನವರಿಗೆ ಎರಡು ನಿಮಿಷ ತಡೆಯುತ್ತಿತ್ತು. ಮೂರನೆಯ ನಿಮಿಷಕ್ಕೆ ಪೆನ್ನು ಹುಡುಕುತ್ತಿದ್ದರು.

ಹೀಗೆ ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಸಾಹೇಬರು ಅವನನ್ನು ಒಳಗೆ ಕರೆದರು. ಎದ್ದು ಹೋಗಿ ತಾವೇ ಬಾಗಿಲು ಹಾಕಿದರು. ಕಿಟಕಿಯ ಪರದೆಯನ್ನೂ ಎಳೆದರು. ಮುದ್ರಪ್ಪ ಮತ್ತೇನು ಕಾದಿದೆಯೋ ಎಂದು ನೆಟ್ಟಗೆ ನಿಂತ.

“ಕೂತ್ಕೊಳ್ರೀ,” ಎಂದರು ಸಾಹೇಬರು. ಆಮೇಲೆ ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದರು. “ನಾಳೆ ಬೆಳಗ್ಗೆ ನಮ್ಮನೆ ಮುಂದೆ ಬಂದು ಕೂರೋಕಾಗತ್ತಾ? ನಾನೇ ಅರ್ಜಿ ಹಾಕಿದ್ರೆ ಮರ್ಯಾದೆ ಹೋಗತ್ತೆ. ನಮ್ಮನೇಲಿ ನೀರು ಬಂದು ಒಂಬತ್ತು ದಿನ ಆಯ್ತು.”